ಪರದೆಯ ಮೇಲೆ ಬಿದ್ದ ಏಟು

ಕಾಯ್ಕಿಣಿಯ ರಮಾನಂದನೂ ನಾನೂ ಒಂದೇ ನಾಟಕ ಕಂಪನಿಯಲ್ಲಿದ್ದವರು. ಖಳನ ಪಾತ್ರದಲ್ಲಿ ಹೆಸರು ಮಾಡಿ ಅವನು ಮದರಾಸಿಗೆ ಹೋಗಿ ಸಿನಿಮಾ ಸೇರಿದ. ೧೯೬೪ರಲ್ಲಿ ಅವನ ಚಿತ್ರ ಹೊನ್ನಾವರದ ಟೆಂಟ್ ಟಾಕೀಸಿಗೆ ಬಂದಾಗ ಇಬ್ಬರೂ ಮೊದಲ ಆಟಕ್ಕೆ ಹೋದೆವು.

ಪರದೆಯಲ್ಲಿ ನಾಯಕ, ಖಳನಾಗಿದ್ದ ರಮಾನಂದನ ಮುಖಕ್ಕೆ ಗುದ್ದಿದ. ನನ್ನ ಪಕ್ಕದಲ್ಲಿದ್ದ ರಮಾನಂದನ ಮೂಗಿನಿಂದ ರಕ್ತ ಸುರಿಯಿತು.

"ಎಂತ ಆತೋ?"

"ಗೊತ್ತಿಲ್ಲ ಮಾರಾಯ."

ನಾಯಕ ದೊಣ್ಣೆ ಬೀಸಿದ. ನನಗೆ ತಾಗಿಕೊಂಡಿದ್ದ ರಮಾನಂದನ ತೋಳು ಲಟಕ್ಕೆಂದು ಮುರಿಯಿತು. ಅವನ ಮೈ ಸತ್ತ ಮೀನಿನಂತೆ ತಣ್ಣಗಾಗಿತ್ತು.

"ಪಿಚ್ಚರಿನ ಕೊನಿಗೆ ನನ್ನ ಕುತ್ತಿಗೆ ಕಡೀತಾರೆ, ನಿಲ್ಸೋ!" ಎಂದು ಚೀರಿದ.

ಜನರನ್ನು ತುಳಿದುಕೊಂಡು ಓಡಿದೆ. ಅಡ್ಡ ಬಂದ ಆಪರೇಟರನನ್ನು ಹೊಡೆದು ಕೆಡವಿ, ಕುರ್ಚಿಯೆತ್ತಿ ಪ್ರೊಜೆಕ್ಟರ್ ಒಡೆದೆ. ಜನ ನನ್ನನ್ನು ಹಿಡಿದು ರಕ್ತ ಬರುವ ಹಾಗೆ ಬಡಿದರು. ರಮಾನಂದ ಬದುಕಿದ. ಆಮೇಲೆ ಅವನು ಅಪ್ಪನ, ಅಡುಗೆಭಟ್ಟನ ಪಾತ್ರಗಳನ್ನಷ್ಟೇ ಮಾಡಿದ.

ಮರುವಾರ ಅದೇ ರೀಲು ಕುಮಟೆಯಲ್ಲಿ ಪೂರ್ತಿ ಓಡಿತು. ಆ ಹೊತ್ತಿಗೆ ರಮಾನಂದ ನನ್ನೆದುರೇ ಎಡಗೈಯಲ್ಲಿ ಗಂಜಿ ಉಣ್ಣುತ್ತಿದ್ದ. ಅವನಿಗೆ ಏನೂ ಆಗಲಿಲ್ಲ. ಆದರೆ ಆಟ ಮುಗಿದು ದೀಪ ಹಾಕಿದಾಗ, ಕುಮಟೆಯ ಟೆಂಟಿನಲ್ಲಿ ಪರದೆಯ ಕೆಳಗಿನ ಮರಳು ಬಿಸಿ ರಕ್ತದಿಂದ ನೆನೆದಿತ್ತು. ಪೊಲೀಸರು ಊರೆಲ್ಲ ಹುಡುಕಿದರು. ಅಲ್ಲಿ ಯಾರೂ ಸತ್ತಿರಲಿಲ್ಲ, ಯಾರೂ ಕಾಣೆಯಾಗಿರಲಿಲ್ಲ.