ಕಾಲುವೆಗಿಳಿದ ಪರದೇಶಿ

"ರೀ... ಯಾರ್ರೀ ಅದು? ಮೇಲೆ ಬನ್ನಿ! ಈಗ್ಲೇ ಬನ್ನಿ!"

ಅವಳು ಗೇಟಿನ ಚಕ್ರವನ್ನು ಅರ್ಧ ತಿರುಗಿಸಿಯಾಗಿತ್ತು. ಆಗ ಕಣ್ಣಿಗೆ ಬಿದ್ದಿದ್ದ ಅವನು. ಬಿಳಿ ಟೋಪಿ, ಮಡಚಿದ ಪ್ಯಾಂಟು, ಕೈಯಲ್ಲಿ ಅಳತೆಕೋಲು. ಕಾಲುವೆಯ ನಟ್ಟನಡುವೆ ನಿಂತಿದ್ದಾನೆ ಮಹಾರಾಯ!

ಚಕ್ರ ಬಿಟ್ಟು ದಂಡೆಯ ಮೇಲೆ ಓಡಿದಳು. ಬಗ್ಗಿ ಅವನ ಕೈ ಹಿಡಿದು ಎಳೆದುಕೊಂಡಳು. ಮರುಕ್ಷಣವೇ ನೀರು ನೊರೆ ಕಟ್ಟಿಕೊಂಡು ನುಗ್ಗಿ ಹೋಯಿತು.

ಅವನು ಏದುಸಿರು ಬಿಡುತ್ತಾ ಹೇಳಿದ, "ತಾವು ನನ್ನ ಪ್ರಾಣವನ್ನು ಉಳಿಸಿದಿರಿ."

ಬೈಯಲು ಬಾಯಿ ತೆರೆದವಳಿಗೆ ನಗು ತಡೆಯಲಾಗಲಿಲ್ಲ. ಯಾರು ಹೀಗೆ ಮಾತಾಡ್ತಾರೆ!

ಅವನು ದೂರದ ದೇಶದ ನೀರಾವರಿ ಎಂಜಿನಿಯರ್. ಎರಡು ವರ್ಷ ಪುಸ್ತಕ ಹಿಡಿದು ಇಲ್ಲಿನ ಭಾಷೆ ಕಲಿತು ಬಂದಿದ್ದ. ಹೂಳು, ಬಿರುಕುಗಳಿಂದಾಗಿ ಕಾಲುವೆಯ ಕೊನೆಯ ಹೊಲಗಳಿಗೆ ಸಾಕಷ್ಟು ನೀರು ಮುಟ್ಟುತ್ತಿರಲಿಲ್ಲ. ಅಲ್ಲಿಯವರು ವರ್ಷಕ್ಕೆ ನಾಲ್ಕು ತಿಂಗಳು ಕಾಳು ಕೊಂಡೇ ತಿನ್ನಬೇಕಿತ್ತು. ಅದನ್ನು ಸರಿಪಡಿಸಲು ಎರಡು ಸರ್ಕಾರಗಳು ಕೈಜೋಡಿಸಿದ್ದವು.

ಅವಳು ಆ ಕಾಲುವೆಯ ಗೇಟು ನೋಡಿಕೊಳ್ಳುವವಳು. ಮೂವತ್ತು ವರ್ಷ ಅದೇ ಕೆಲಸ ಮಾಡಿದ ಅಪ್ಪನ ಮಂಡಿ ಕೈಕೊಟ್ಟ ಮೇಲೆ ಚಕ್ರ ಅವಳ ಕೈಗೆ ಬಂದಿತ್ತು. ಊರವರ ಬಾಯಲ್ಲಿ ಅವಳು 'ಗೇಟಮ್ಮ'. ಅವನು 'ಪರದೇಶಿ'.

"ಪಾಪ, ಕರೆದು ಊಟ ಹಾಕೋರಿಲ್ಲ ಅಂದ್ರೆ ಅವನು ನಿಜಕ್ಕೂ ಪರದೇಶೀನೇ ಕಣೆ," ಅಂದ ಅಪ್ಪ. "ಕರ್ಕೊಂಡು ಬಾ."

ಹೀಗೆ ಒಂದು ದಿನದ ಊಟ ದಿನದಿನದ ಊಟವಾಯಿತು. ಬೆಳಿಗ್ಗೆ ಇಬ್ಬರೂ ಕಾಲುವೆಯ ದಂಡೆ ಹಿಡಿದು ನಡೆಯುವರು. ಅವನು ಅಳೆಯುವನು, ಅವಳು ಹೂಳೆಲ್ಲಿ, ಬಿರುಕೆಲ್ಲಿ ಎಂದು ತೋರಿಸುವಳು. ಅವನು ತಡವಾಗಿ ಬಂದ ದಿನ ಅವಳ ಕಣ್ಣು ಬಿಳಿ ಟೋಪಿ ಹುಡುಕುತ್ತಿತ್ತು.

'ಛೇ! ನಂಗೇನಾಗಿದೆ?' ಎಂದು ತನ್ನನ್ನೇ ಗದರಿಕೊಳ್ಳುತ್ತಿದ್ದಳು.

ಹೂಳು ತೆಗೆದು, ಬಿರುಕು ಮುಚ್ಚುವಷ್ಟರಲ್ಲಿ ನಾಲ್ಕು ತಿಂಗಳು ಕಳೆದವು. ಒಂದು ಮಧ್ಯಾಹ್ನ ಯೋಜನೆಯ ಕಚೇರಿಯ ಗೋಡೆಗೆ ಹೊಸ ಕಾಗದ ಅಂಟಿಸಿದ್ದರು. ಅವಳು ನಿಂತು ಓದಿದಳು.

'ಮೋಟಾರಿನ ಗೇಟು ತಾನಾಗಿಯೇ ತೆರೆಯುವುದರಿಂದ ಗೇಟು ಕಾಯುವವರ ಅಗತ್ಯವಿಲ್ಲ.'

ಕೆಳಗೆ ಅವನ ಸಹಿ.

ಅವಳು ಸೀದಾ ಅವನ ಮೇಜಿನ ಮುಂದೆ ಹೋಗಿ ನಿಂತಳು.

"ಅದು ನೀವು ಬರೆದದ್ದಾ?"

ಅವನು ಪೆನ್ನು ಕೆಳಗಿಟ್ಟ. "ಹೌದು. ಬಂದ ಮೊದಲ ವಾರದಲ್ಲಿ ಬರೆದೆ."

"ಇಷ್ಟು ದಿನ ನಮ್ಮನೇಲಿ ಕೂತು ಉಂಡ್ರಲ್ಲ... ಹೇಳ್ಬೇಕು ಅನ್ನಿಸ್ಲಿಲ್ವಾ?"

"ಪ್ರತಿದಿನವೂ ಅನ್ನಿಸಿತು. ಧೈರ್ಯ ಬರಲಿಲ್ಲ."

ಸುಳ್ಳಾದರೂ ಹೇಳಬಾರದಿತ್ತೇ ಇವನು! ಅವಳು ತಿರುಗಿ ನೋಡದೆ ಹೊರಟುಬಿಟ್ಟಳು. ಮುಂದೆ ಹನ್ನೆರಡು ದಿನ ಮಾತಿಲ್ಲ, ಕತೆಯಿಲ್ಲ. ಅಪ್ಪ ಮೂರು ತಟ್ಟೆ ಇಟ್ಟರೆ ಅವಳು ಒಂದನ್ನು ಎತ್ತಿಡುತ್ತಿದ್ದಳು.

ಹೊಸ ಗೇಟಿನ ಪರೀಕ್ಷೆಯ ದಿನ ಬಂತು. ಎರಡೂ ದೇಶಗಳ ಅಧಿಕಾರಿಗಳು ಚಪ್ಪರದಡಿ ಕೂತಿದ್ದರು. ಗುಂಡಿ ಒತ್ತಿದರು, ಗೇಟು ಮೇಲೆದ್ದಿತು. ಚಪ್ಪಾಳೆ!

ಆದರೆ ಮಧ್ಯಾಹ್ನ ತಿರುಗಿದರೂ ಕೊನೆಯ ಹೊಲಗಳ ಕಾಲುವೆ ಒಣಗಿಯೇ ಇತ್ತು. ಎಲ್ಲರೂ ಅಲ್ಲಿಗೇ ಹೋದರು. ಅವನು ದಂಡೆಯ ಮೇಲೆ ನಿಂತು ಕಾಗದ ತಿರುಗಿಸುತ್ತಾ ಬೆವರುತ್ತಿದ್ದ.

'ಅನುಭವಿಸ್ಲಿ!' ಅಂದುಕೊಂಡಳು ಅವಳು. ಅಷ್ಟರಲ್ಲಿ ಕೊನೆಯ ಹೊಲದ ಅಜ್ಜಿ ಕಂಡಳು. ಬಾಡಿದ ಸಸಿಗಳ ಬುಡಕ್ಕೆ ಕೊಡದಿಂದ ಬೊಗಸೆ ಬೊಗಸೆ ನೀರು ಹಾಕುತ್ತಿದ್ದಳು. ಕೋಪ ಅವನ ಮೇಲೆ. ಅಜ್ಜಿಯ ಸಸಿ ಏನು ಪಾಪ ಮಾಡಿತ್ತು?

ಅವನ ಹತ್ತಿರ ಹೋದಳು.

"ಈ ಹೊಲಗಳಿಗಿಂತ ಮುಂಚೆ ಕಾಲುವೆ ತಿರುಗುತ್ತಲ್ಲ, ಅಲ್ಲಿ ತಳದಡಿ ಬರೀ ಮರಳು. ಒಣಗಿದ್ದಾಗ ಎಷ್ಟು ಬಿಟ್ರೂ ಕುಡಿಯುತ್ತೆ. ಹಿಂದಿನ ದಿನ ಒಂದು ಗೇಣು ಗೇಟು ಎತ್ತಿ ನೆನೆಸ್ಬೇಕು. ಆಮೇಲೇ ಪೂರ್ತಿ ಬಿಡೋದು."

"ಇದು ಯಾವ ನಕ್ಷೆಯಲ್ಲೂ ಇಲ್ಲವಲ್ಲ..."

"ನಕ್ಷೆಯವರು ಯಾರೂ ಅಪ್ಪನ್ನ ಕೇಳ್ಲಿಲ್ಲ."

ಅವಳು ಹೇಳಿದಂತೆಯೇ ಗೇಟು ಎತ್ತಿದರು. ಮರುದಿನ ಬೆಳಿಗ್ಗೆ ಹತ್ತಕ್ಕೆ ನೀರು ಅಜ್ಜಿಯ ಸಸಿಗಳ ಬುಡ ಮುಟ್ಟಿತು!

ಅಧಿಕಾರಿಗಳು ಅವನ ಕೈ ಕುಲುಕಲು ಬಂದರು. ಅವನು ಕೈ ಹಿಂದಕ್ಕೆಳೆದುಕೊಂಡ.

"ನಾನು ತಪ್ಪು ಬರೆದಿದ್ದೆ. ಮೋಟಾರಿಗೆ ಗೇಟು ಎತ್ತಲು ಗೊತ್ತು, ಯಾವಾಗ ಎಷ್ಟು ಎತ್ತಬೇಕೆಂದು ಇವರಿಗೆ ಗೊತ್ತು. ಗೇಟಿನ ಹೊಣೆ ಇವರದಾಗದಿದ್ದರೆ ಈ ಯೋಜನೆಗೆ ನನ್ನ ಸಹಿ ಇಲ್ಲ."

ಅವಳ ಕಣ್ಣು ತುಂಬಿ ಬಂತು. ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು.

ತಿಂಗಳೊಳಗೆ ಆದೇಶ ಬಂತು. ಅವಳ ಗೇಟೂ ಸೇರಿ ಕಾಲುವೆಯುದ್ದಕ್ಕೂ ಇರುವ ಐದು ಗೇಟುಗಳಿಗೆ ಅವಳೇ ಮೇಲ್ವಿಚಾರಕಿ. ಸುದ್ದಿ ಕೇಳಿ ಅಪ್ಪ ಮಂಡಿನೋವು ಮರೆತು ಎದ್ದು ನಿಂತುಬಿಟ್ಟ.

ಅದೇ ವಾರ ಅವನು ಒಂದು ಪತ್ರ ಹಿಡಿದು ಕಾಲುವೆ ದಂಡೆಗೆ ಬಂದ.

"ನನ್ನ ಅವಧಿ ಮುಗಿಯಿತು. ಬೇರೆ ದೇಶಕ್ಕೆ ಹೋಗಬಹುದು. ಇಲ್ಲವೇ... ಇಲ್ಲಿಯೇ ಇನ್ನೆರಡು ವರ್ಷ ಇರಬಹುದು. ಇವತ್ತೇ ಉತ್ತರ ಬರೆಯಬೇಕು."

"ಬರೀರಿ. ನನ್ನನ್ಯಾಕೆ ಕೇಳ್ತೀರಿ?"

"ನಿಮ್ಮನ್ನು ಕೇಳದೆ ಬರೆದು ಒಮ್ಮೆ ನಿಮ್ಮನ್ನೇ ಕಳೆದುಕೊಂಡಿದ್ದೆ." ಅವನು ಪತ್ರ ಮುಂದೆ ಚಾಚಿದ. "ಆ ಹನ್ನೆರಡು ದಿನ ನನಗೆ ಅನ್ನ ಸೇರಲಿಲ್ಲ. ಆಗ ಅರ್ಥವಾಯಿತು, ನನಗೆ ನೀವು ಬೇಕು."

ಅವಳು ಪತ್ರದ ಮೇಲೆ ಬೆರಳಿಟ್ಟಳು.

"ಎರಡು ವರ್ಷ ಸಾಕಾ?"

"ಕಚೇರಿ ಕೊಡುವುದು ಅಷ್ಟೇ."

"ಕಚೇರಿ ವಿಷಯ ಬಿಡಿ. ನಾನು ಕೇಳ್ತಿರೋದು ನಿಮ್ಮನ್ನ."

"ನನಗೆ..." ಅವನು ಮೆಲ್ಲಗೆ ಅವಳ ಕೈ ಹಿಡಿದ. "ನನಗೆ ಸಾಲದು."

ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ನಂಗೂ ಸಾಲಲ್ಲ ಕಣ್ರೀ..."