ಮೊದಲ ಕೂಗು

"ಯಶೋದಾ..."

ಕಾಫಿ ಗಿಡಗಳ ನಡುವಿನಿಂದ ಯಾರೋ ಕರೆದರು. ಹಣ್ಣಿನ ಚೀಲ ಕಟ್ಟುತ್ತಿದ್ದ ಯಶೋದಾಳ ಕೈ ಅಲ್ಲೇ ನಿಂತಿತು. ಅದು ರೇಣುಕಪ್ರಸಾದನ ದನಿ! ಹಿಂದಿನ ಹಾಗೆ ತುಂಬಿದ, ಗಟ್ಟಿ ದನಿ. ಆದರೆ ಆ ದನಿ ಉಡುಗಿ ವರ್ಷಗಳೇ ಆಗಿದ್ದವು.

"ಓ" ಎನ್ನಲು ಬಾಯಿ ತೆರೆದವಳ ತೋಳನ್ನು ತೋಟದ ಕೆಲಸದ ಯಲ್ಲಮ್ಮ ಬಿಗಿಯಾಗಿ ಹಿಡಿದಳು.

"ಸುಮ್ನಿರಿ ಅಮ್ಮಾ. ಮಬ್ಬುಗತ್ತಲೆ ಹೊತ್ತಲ್ಲಿ ಮೊದಲ್ನೇ ಕೂಗಿಗೇ ಓಗೊಡ್ತಾರಾ? ಮನುಷ್ಯರಾದ್ರೆ ಮೂರು ಸಲ ಕರೀತಾರೆ. ಅದು ಕರೆಯೋದು ಒಂದೇ ಸಲ."

"ಅದು" ಅಂದರೆ ಗುರುತಿನವರ ದನಿಯಲ್ಲಿ ಕರೆದು, ಓಗೊಟ್ಟವರನ್ನು ಒಯ್ಯುವ ದೆವ್ವವೆಂದು ಈ ಕಡೆಯ ಮಕ್ಕಳಿಗೂ ಗೊತ್ತು. ಯಶೋದಾ ತುಟಿ ಕಚ್ಚಿ ಕಾದಳು. ಎರಡನೇ ಕೂಗು ಬರಲೇ ಇಲ್ಲ. ತರಗೆಲೆ ಮೇಲೆ ಹೆಜ್ಜೆ ಸದ್ದು ಮಾತ್ರ ದೂರವಾಗುತ್ತಾ ಹೋಯಿತು.

ಯಶೋದಾಳಿಗೂ ರೇಣುಕಪ್ರಸಾದನಿಗೂ ನಿಶ್ಚಿತಾರ್ಥವಾದ ವರ್ಷವೇ ರೇಣುಗೆ ಪಾರ್ಕಿನ್ಸನ್ ಬಂದಿತ್ತು. ಮುದುಕರ ಕಾಯಿಲೆ, ಇನ್ನೂ ನಲವತ್ತಾಗದ ಗಂಡಸಿಗೆ! ಮೊದಲು ಕೈ ನಡುಗಿತು. ಆಮೇಲೆ ದನಿ ಸಣ್ಣಗಾಗಿ ಪಕ್ಕದಲ್ಲಿ ಕೂತವರಿಗೂ ಕೇಳದಾಯಿತು. "ನಂಗೋಸ್ಕರ ಕಾಯ್ಬೇಡ" ಎಂದು ಪಿಸುಗುಟ್ಟಿ, ಜೀನ್ ಚಿಕಿತ್ಸೆಯ ಪ್ರಯೋಗಕ್ಕೆಂದು ದೂರದ ಆಸ್ಪತ್ರೆಗೆ ಹೊರಟುಹೋಗಿದ್ದ. ತಲೆಬುರುಡೆಗೆ ಸಣ್ಣ ತೂತು ಕೊರೆದು, ನಿರಪಾಯದ ವೈರಸ್ಸಿಗೆ ಜೀನ್ ಹೊರಿಸಿ ಮೆದುಳಿಗೆ ಬಿಡುತ್ತಾರಂತೆ. ಅಲ್ಲಿಂದ ಒಂದು ಫೋನೂ ಇರಲಿಲ್ಲ.

"ಏನೇನೋ ಒಳಗೆ ಹಾಕಿ ಕಳಿಸ್ತಾರಂತೆ. ವಾಪಸ್ ಬರೋದು ಅವ್ರೇ ಅಂತ ಏನು ಗ್ಯಾರಂಟಿ?" ಯಲ್ಲಮ್ಮ ಗೊಣಗಿದಳು.

ಅವನೇ ಆಗಿದ್ದರೆ? ಓಗೊಡಲಿಲ್ಲವೆಂದು ತಿರುಗಿ ಹೋಗುತ್ತಿದ್ದರೆ...? ಇವತ್ತು ಹೋದವನು ಇನ್ನೊಮ್ಮೆ ಬರುತ್ತಾನಾ?

ಯಶೋದಾ ಕೈ ಬಿಡಿಸಿಕೊಂಡು ಮಂಜಿನೊಳಕ್ಕೆ ಓಡಿದಳು.

"ರೇಣೂ..."

ಹೆಜ್ಜೆ ಸದ್ದು ನಿಂತಿತು. ನೆರಳಿಗೆ ಬೆಳೆಸಿದ್ದ ಸಿಲ್ವರ್ ಓಕ್ ಮರದ ಪಕ್ಕದಲ್ಲಿ ಒಂದು ಆಕಾರ ಈ ಕಡೆ ಬೆನ್ನು ಮಾಡಿ ನಿಂತಿತ್ತು.

"ರೇಣೂ..."

ಅದು ಅಲುಗಾಡಲಿಲ್ಲ. ಅವಳಿಗೆ ಓಡಿಹೋಗಬೇಕೆನಿಸಿತು. ಆದರೂ ಕರೆದಳು, ಅಳುತ್ತಲೇ.

"ರೇಣೂ...!"

"ಓ..."

ಆಕಾರ ತಿರುಗಿತು. ರೇಣುವೇ.

"ಮೊದಲ್ನೇ ಸಲಾನೇ ಕೇಳ್ತು," ಅವನ ಕಣ್ಣು ತುಂಬಿತ್ತು. "ಆದ್ರೆ ನಾನೂ ಇದೇ ಊರಿನವನಲ್ವಾ ಮಾರಾಯ್ತಿ?"

ಅಳುತ್ತಿದ್ದವಳಿಗೆ ನಗು ಬಂತು. "ಅಷ್ಟು ಗೊತ್ತಿದ್ದವ್ನು ಒಂದೇ ಸಲ ಯಾಕೆ ಕರೆದೆ ಮಾರಾಯ?"

"ನೀನು ಸುಮ್ನಿದ್ದೆ. ಇವ್ಳಿಗೆ ನಾನು ಬೇಡವಾಗಿದ್ದೀನಿ ಅಂದ್ಕೊಂಡೆ. ಮತ್ತೆ ಕರೆಯೋ ಧೈರ್ಯ ಬರ್ಲಿಲ್ಲ."

ಅವಳು ಅವನ ಕೈ ಹಿಡಿದಳು. ನಡುಕವಿರಲಿಲ್ಲ. ಆ ನಿಶ್ಚಲ ಕೈ ಅವಳಿಗೆ ಹೊಸದೆನಿಸಿತು.

"ಪೂರ್ತಿ ಹೋಯ್ತಾ?"

"ಎಷ್ಟು ವರ್ಷ ಹೀಗಿರುತ್ತೆ ಅಂತ ಡಾಕ್ಟರಿಗೂ ಗೊತ್ತಿಲ್ಲ. ಮತ್ತೆ ಬಂದ್ರೆ, ಯಶೋದಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಮಂಜಿನಿಂದ ಇನ್ನೊಂದು ದನಿ ಬಂತು.

"ಯ...ಶೋದಾ..."

ಸಣ್ಣ, ನಡುಗುವ ಪಿಸುದನಿ. ರೇಣುವಿನ ತುಟಿ ಮುಚ್ಚಿಯೇ ಇತ್ತು. ಮುಖ ಬಿಳಿಚಿಕೊಂಡಿತ್ತು.

"ಅದು ಕಾಯಿಲೆ ಇದ್ದಾಗಿನ ನನ್ನ ದನಿ... ನಿಂಗೂ ಕೇಳಿಸ್ತಾ?"

"ಕೇಳಿಸ್ತು." ಅವಳು ಹಿಂದೆ ನೋಡಲಿಲ್ಲ. ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ಒಂದೇ ಸಲ ಕರೆದಿದೆ. ಮೂರು ಸಲ ಕರೆದ್ರೆ ಅದಕ್ಕೂ ಓಗೊಡ್ತೀನಿ. ಅದೂ ನೀನೇ ತಾನೇ? ಈಗ ಮನೆಗೆ ನಡಿ."