ಮಟ್ಟ ತಪ್ಪಿದ ಟರ್ನ್‌ಟೇಬಲ್

"ಪೆಟ್ಟಿಗೆನ ಹಿಂದಿನ ಬಾಗಿಲಿಗೆ ತಂದ್ಬಿಡಿ, ಅಲ್ಲೇ ಸೈನ್ ಹಾಕ್ಕೊಡ್ತೀನಿ," ಎಂದ ಮರ್ಡೊ, ಬಗ್ಗಿಸಿದ ತಲೆ ಎತ್ತದೆ.

ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಹೆಂಗಸು ತನ್ನ ಕಿತ್ತಳೆ ಬಣ್ಣದ ಕೆಲಸದ ಜಾಕೆಟ್ಟನ್ನೊಮ್ಮೆ ನೋಡಿಕೊಂಡಳು. "ನಾನು ಪೆಟ್ಟಿಗೆ ತಂದಿಲ್ಲ. ತಗೊಂಡ್ಹೋಗೋಕೆ ಬಂದಿದೀನಿ. ರೆಕಾರ್ಡ್ ಹಾಕೋ ಟರ್ನ್‌ಟೇಬಲ್ ಬೇಕಿತ್ತು. ಒಳ್ಳೇದು."

ಮರ್ಡೊ ತಲೆ ಎತ್ತಿದ. ಐವತ್ತೇಳರ ಮನುಷ್ಯ, ನರೆತ ಗಡ್ಡ, ಕತ್ತಿಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ. ಅವನ ಕಿವಿಗಳು ಕೆಂಪಾಗುವುದನ್ನು ಆ ಹೆಂಗಸು, ರೊವೀನಾ, ಬಿಡದೆ ನೋಡಿದಳು. ಮೊದಲು ಎಡಗಿವಿ, ಆಮೇಲೆ ಬಲಗಿವಿ.

"ಕ್ಷಮಿಸಿ. ಕೊರಿಯರ್‌ನವರು ಅಂದ್ಕೊಂಡೆ."

"ಪೋರ್ಟ್ ಚಾಮರ್ಸ್ ಬಂದರಲ್ಲಿ ಟಗ್ ಓಡಿಸ್ತೀನಿ. ಡ್ಯೂಟಿ ಮುಗಿಸಿ ಹಂಗೇ ಡನೀಡನ್‌ಗೆ ಬಂದೆ."

ರೊವೀನಾಳಿಗೆ ಐವತ್ತೊಂದು. ದೊಡ್ಡ ಹಡಗುಗಳನ್ನು ಎಳೆದು, ತಳ್ಳಿ ದಕ್ಕೆಗೆ ಸೇರಿಸುವ ಟಗ್ ದೋಣಿಗೆ ಹದಿನಾರು ವರ್ಷದಿಂದ ಅವಳೇ ಕ್ಯಾಪ್ಟನ್. ಹನ್ನೊಂದು ವರ್ಷ ಜೊತೆಗಿದ್ದ ಕ್ಲೈವ್ ಕಳೆದ ಚಳಿಗಾಲದಲ್ಲಿ ಮನೆ ಬಿಟ್ಟು ಹೋಗುವಾಗ ಟರ್ನ್‌ಟೇಬಲ್ ಒಯ್ದಿದ್ದ. ಸ್ಪೀಕರುಗಳು ವ್ಯಾನಿನಲ್ಲಿ ಹಿಡಿಸಲಿಲ್ಲವೆಂದು ಬಿಟ್ಟಿದ್ದ. ಇದ್ದಷ್ಟು ದಿನವೂ ಅವನು ಅವಳಿಗೆ ರೆಕಾರ್ಡಿನ ಮೇಲೆ ಇಳಿಸುವ ಮುಳ್ಳನ್ನು ಮುಟ್ಟಗೊಟ್ಟವನಲ್ಲ. "ನಿಂದು ಎಂಜಿನ್ ಕಿವಿ, ಇದೆಲ್ಲ ನಿಂಗೆ ತಿಳಿಯಲ್ಲ," ಅನ್ನುತ್ತಿದ್ದ. ಕೇಳಿ ಕೇಳಿ ಅವಳೂ ನಂಬಿದ್ದಳು.

ಅಂಗಡಿಯ ಒಳಕೋಣೆಯಲ್ಲಿ ಎರಡು ಕುರ್ಚಿ, ಎರಡು ಟರ್ನ್‌ಟೇಬಲ್. ಒಂದು ಮರದ ಚೌಕಟ್ಟಿನದು, ಸ್ಪ್ರಿಂಗುಗಳ ಮೇಲೆ ತೇಲುವಂಥದ್ದು. ಇನ್ನೊಂದು ಕಪ್ಪು, ನಲವತ್ತು ಕಿಲೋ, ಹಾಸುಗಲ್ಲಿನಂತೆ ಕೂತಿತ್ತು. ಎರಡೂ ಒಳ್ಳೆಯ ಕಾರಿನ ಬೆಲೆಯವು. ಮರ್ಡೊ ಒಂದೇ ಪಿಯಾನೋ ರೆಕಾರ್ಡನ್ನು ಎರಡರಲ್ಲೂ ಹಾಕಿದ.

"ಯಾವ್ದು ಒಳ್ಳೇದು?"

"ನೀವ್ ಹೇಳ್ಬೇಕು."

"ಗೊತ್ತಿದ್ರೆ ನಿಮ್ಮತ್ರ ಯಾಕ್ ಬರ್ತಿದ್ದೆ?"

"ಕೇಳೋಕೆ. ಹೇಳಿಸ್ಕೊಳ್ಳೋಕಲ್ಲ."

ರೊವೀನಾಳಿಗೆ ಸಿಟ್ಟು ಬಂತು. ಎದ್ದು ಹೋದಳು. ಮುಂದಿನ ಶನಿವಾರ ಮತ್ತೆ ಬಂದಳು, ನೀಲಿ ಸ್ವೆಟರ್ ಹಾಕಿಕೊಂಡು. ಅದನ್ನು ಅವನು ಗಮನಿಸಿದ. ಗಮನಿಸಿದ್ದನ್ನು ಅವಳು ಗಮನಿಸಿದಳು. ಅದರ ಮುಂದಿನ ಶನಿವಾರ ಅವನು ಪಕ್ಕದ ಬೇಕರಿಯಿಂದ ಬಿಸಿ ಚೀಸ್ ರೋಲ್ ತರಿಸಿಟ್ಟಿದ್ದ. ಎರಡೇ ಇದ್ದವು. ಬೇರೆ ಗಿರಾಕಿಗಳಿಗಲ್ಲ ಅನ್ನುವುದು ಸ್ಪಷ್ಟವಿತ್ತು.

ಅವತ್ತು ಅವಳು ರೋಲ್ ಕಚ್ಚುವುದನ್ನು ನಿಲ್ಲಿಸಿ ಕಿವಿ ಕೊಟ್ಟಳು. "ಈ ಮರದ್ದು ಒಂಚೂರು ನಿಧಾನ ಓಡ್ತಿದೆ."

"ಸಾಧ್ಯನೇ ಇಲ್ಲ. ನಾನು ದಿನಾ ಕೇಳೋ ಮೆಷೀನು ಅದು."

"ಸರಿ ಬಿಡಿ. ನಂದು ಎಂಜಿನ್ ಕಿವಿ."

ಮರ್ಡೊ ಕನ್ನಡಕದ ಮೇಲಿಂದ ಅವಳನ್ನೇ ನೋಡಿದ. ಡ್ರಾಯರಿನಿಂದ ಗೆರೆಗಳಿದ್ದ ಕಾಗದದ ಬಿಲ್ಲೆಯೊಂದನ್ನು ತೆಗೆದು ತಿರುಗುವ ತಟ್ಟೆಯ ಮೇಲಿಟ್ಟು ಚಿಕ್ಕ ದೀಪ ಹಿಡಿದ. ವೇಗ ಸರಿಯಿದ್ದರೆ ಗೆರೆಗಳು ನಿಂತಂತೆ ಕಾಣಬೇಕು. ಅವು ಮೆಲ್ಲಗೆ ಹಿಂದಕ್ಕೆ ಜಾರುತ್ತಿದ್ದವು.

ಅವನು ತಟ್ಟೆ ಎತ್ತಿ, ಅದನ್ನು ತಿರುಗಿಸುವ ರಬ್ಬರ್ ಬೆಲ್ಟನ್ನು ಬೆರಳಿಂದ ಸವರಿದ.

"ಬೆಲ್ಟ್ ಸವೆದಿದೆ," ಎಂದ. "ಎಷ್ಟು ತಿಂಗಳಿಂದ ಹಿಂಗಿದೆಯೋ. ಬಂದೋರಿಗೆಲ್ಲ ಇದನ್ನೇ ಕೇಳಿಸಿದೀನಿ, ಒಬ್ರೂ ಹೇಳ್ಲಿಲ್ಲ. ನಂಗೂ ಗೊತ್ತಾಗ್ಲಿಲ್ಲ. ನಿಮ್ಗೆ ಹೆಂಗ್ ಗೊತ್ತಾಯ್ತು?"

"ಟಗ್‌ನಲ್ಲಿ ಎರಡು ಎಂಜಿನ್. ಒಂದು ಹಿಂದೆ ಬಿದ್ರೆ ಮೀಟರ್ ನೋಡೋ ಮೊದ್ಲೇ ಕಿವೀಗ್ ಬರುತ್ತೆ."

"ಅದನ್ನ ಬೈಗುಳ ಮಾಡಿದ್ದು ಯಾರು?"

"ಮನೆ ಬಿಟ್ಟು ಹೋದೋನು."

"ಒಳ್ಳೇದಾಯ್ತು," ಎಂದ ಮರ್ಡೊ. ಯಾವುದು ಒಳ್ಳೆಯದಾಯಿತೆಂದು ಬಿಡಿಸಿ ಹೇಳಲಿಲ್ಲ.

ಅವತ್ತು ಬಂದರಿಗೆ ಮರಳುವ ದಾರಿಯಲ್ಲಿ ರೊವೀನಾ ಕಾರಿನ ರೇಡಿಯೋ ಹಾಕಲಿಲ್ಲ. ಯಾರದೋ ಮಾತನ್ನು ಇಷ್ಟು ವರ್ಷ ಹೊತ್ತು ತಿರುಗಿದೆನಲ್ಲ ಎಂದು ಒಂದು ತಿರುವಿನಲ್ಲಿ ಸಿಟ್ಟು ಬರುತ್ತಿತ್ತು. ಆ ಕನ್ನಡಕದ ದಾರ ನೆನಪಾಗಿ ಮುಂದಿನ ತಿರುವಿನಲ್ಲಿ ನಗು.

ಬೆಲ್ಟ್ ಹೊಸದಾದ ಮೇಲೆ ಇನ್ನೊಮ್ಮೆ ಎರಡನ್ನೂ ಕೇಳಿದಳು.

"ಕಪ್ಪುದು ಕೊಡಿ."

"ಕಪ್ಪುದಾ?" ಅವನ ಮುಖ ಸಣ್ಣದಾಯಿತು. "ಮರದ್ದರಲ್ಲಿ ಪಿಯಾನೋ ಉಸಿರಾಡುತ್ತೆ ಕಣ್ರೀ. ಇದರಲ್ಲಿ ಸುಮ್ನೆ ಕೂತಿರುತ್ತೆ."

"ಇಷ್ಟ್ ದಿನ ನೀವೇ ಹೇಳಿ, ನೀವೇ ಹೇಳಿ ಅಂತಿದ್ರಿ."

"ತಪ್ಪು ಹೇಳ್ತೀರ ಅಂತ ಗೊತ್ತಿರ್ಲಿಲ್ಲ."

ಅವಳು ಜೋರಾಗಿ ನಕ್ಕಳು. "ದಿನವಿಡೀ ಅಲ್ಲಾಡೋದರ ಮೇಲೆ ನಿಂತಿರ್ತೀನಿ, ಮರ್ಡೊ. ಮನೇಲಿ ಒಂದಾದ್ರೂ ಅಲ್ಲಾಡದೆ ಇರ್ಲಿ. ಇದರಲ್ಲಿ ಸ್ವರ ನಿಲ್ಲಬೇಕಾದ ಕಡೆ ನಿಲ್ಲುತ್ತೆ. ನಂಗೆ ಅದಿಷ್ಟ."

ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನ ವಾದ ಅಲ್ಲಿಗೆ ನಿಂತಿತು.

ಭಾನುವಾರ ಬೆಳಿಗ್ಗೆ ಅವನೇ ವ್ಯಾನಿನಲ್ಲಿ ತಂದ. ಗುಡ್ಡದ ಮೇಲಿನ ಹಳೆಯ ಮರದ ಮನೆ. ಹಲಗೆಯ ನೆಲ ಕಾಲಿಟ್ಟಲ್ಲೆಲ್ಲ ಮಾತಾಡುತ್ತಿತ್ತು.

"ಒಂದ್ಸಲ ಕುಣೀರಿ," ಎಂದ.

"ಏನು?"

"ನೆಲ ಎಷ್ಟು ಅದುರುತ್ತೆ ನೋಡ್ಬೇಕು."

ಅವಳು ಕುಣಿದಳು.

"ಇನ್ನೊಂದ್ಸಲ."

ಕುಣಿದಳು.

"ಇನ್ನೊಂದೇ ಒಂದ್ಸಲ."

"ಇದು ನೆಲದ ಪರೀಕ್ಷೆನೋ ನಂದೋ?"

"ಮೊದಲೆರಡು ನೆಲದ್ದು," ಎಂದ ಮರ್ಡೊ, ಗೋಡೆಯ ಕಡೆ ತಿರುಗಿ.

ಚಿಮಣಿಯ ಇಟ್ಟಿಗೆ ಗೋಡೆಗೆ ಕಬ್ಬಿಣದ ತೋಳುಗಳನ್ನು ಕೂರಿಸಿ, ದಪ್ಪ ಹಲಗೆ ಹಾಸಿ, ಇಬ್ಬರೂ ಸೇರಿ ಕಪ್ಪು ಯಂತ್ರವನ್ನು ಎತ್ತಿಟ್ಟರು. ಅವನು ಅದರ ಮೇಲೆ ಮಟ್ಟ ನೋಡುವ ರಸಮಟ್ಟ ಇಟ್ಟು, ಯಂತ್ರದ ಒಂದೊಂದೇ ಕಾಲಿನ ತಿರುಪು ತಿರುವುತ್ತ ರಸಮಟ್ಟದ ಗುಳ್ಳೆಯನ್ನು ನಡುವಿಗೆ ತಂದ.

"ಮುಳ್ಳು ನೀವೇ ಇಳಿಸಿ."

ಇನ್ನೂರು ಮೀಟರಿನ ಹಡಗು ತಿರುಗಿಸುವ ಕೈಯಿಂದ ಅವಳು ಮುಳ್ಳಿನ ಸಣ್ಣ ತೋಳನ್ನು ಎತ್ತಿದಳು. ಅವನು ಕೈ ಹಿಡಿದು ತೋರಿಸಲಿಲ್ಲ. ತನ್ನೆರಡೂ ಕೈಗಳನ್ನು ಜೇಬಿಗೆ ತುರುಕಿ ದೂರ ನಿಂತ. ಮುಳ್ಳು ಇಳಿಯಿತು. ಪಿಯಾನೋದ ಮೊದಲ ಸ್ವರ ಕೋಣೆಗೆ ಬಂತು, ನಿಲ್ಲಬೇಕಾದಲ್ಲಿ ನಿಂತಿತು.

ರೆಕಾರ್ಡಿನ ಒಂದು ಬದಿ ಮುಗಿಯುವತನಕ ಇಬ್ಬರೂ ಕೇಳಿದರು. ಆಮೇಲೆ ಉಪಕರಣಗಳನ್ನು ಚೀಲಕ್ಕೆ ತುಂಬುತ್ತ ಅವನು ಹೇಳಿದ: "ನನ್ನ ಕೊನೇ ದೊಡ್ಡ ಕೆಲ್ಸ ಇದು. ತಿಂಗಳ ಕೊನೆಗೆ ಅಂಗಡಿ ಮುಚ್ತೀನಿ. ನೆಲ್ಸನ್‌ನಲ್ಲಿ ತಂಗಿ ಇದಾಳೆ, ಬಾ ಬಾ ಅಂತಾಳೆ. ಇಲ್ಲಿ ಇರೋಕೆ ಈಗೇನೂ ಕಾರಣ ಇಲ್ಲ."

"ಓ," ಎಂದಳು ರೊವೀನಾ.

ನಾಲ್ಕು ದಿನ ಕಾದಳು. ಐದನೆಯ ದಿನ ಕಪ್ಪು ಯಂತ್ರದ ಹಿಂಬದಿಯ ಕಾಲಿನ ತಿರುಪನ್ನು ಹಲ್ಲು ಕಚ್ಚಿ ಅರ್ಧ ಸುತ್ತು ತಿರುಗಿಸಿ ಫೋನ್ ಮಾಡಿದಳು. "ಮಟ್ಟ ತಪ್ಪಿದ ಹಾಗಿದೆ."

ಅವನು ಬಂದ, ಸರಿಮಾಡಿದ, ಚಹಾ ಕುಡಿದ, ಹೋದ. ಮುಂದಿನ ವಾರ ಮತ್ತೆ ಫೋನ್. "ಗುಡ್ಡನೇ ಜಾರ್ತಿದೆಯೇನೋ," ಎಂದಳು. ಅವನು ಬಂದ, ಸರಿಮಾಡಿದ, ಎರಡು ಕಪ್ ಚಹಾ ಕುಡಿದ. ಮೂರನೆಯ ಸಲ ಬಂದದ್ದು ತಿಂಗಳ ಕೊನೆಯ ಗುರುವಾರ. ಚೀಲ ತಂದಿರಲಿಲ್ಲ. ಟರ್ನ್‌ಟೇಬಲ್ ಕಡೆ ಹೋಗದೆ ಅಡುಗೆಮನೆಯ ಮೇಜಿನೆದುರು ಕೂತ.

"ನಲವತ್ತು ಕಿಲೋ ಕೆಳಗಿರೋ ತಿರುಪು ತಾನಾಗಿ ತಿರುಗಲ್ಲ, ರೊವೀನಾ."

ಅವಳು ಕೆಟಲ್ ಕೆಳಗಿಟ್ಟಳು. "ಯಾವಾಗ್ ಗೊತ್ತಾಯ್ತು?"

"ಮೊದಲನೇ ಸಲಾನೇ."

"ಮತ್ತೆ ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ನೀವು ನಿಲ್ಲಿಸ್ಬಿಟ್ರೆ?"

ಹೊರಗೆ ಯಾವುದೋ ಹಡಗು ಕೂಗಿತು. ಅದನ್ನು ದಕ್ಕೆಗೆ ತರುವುದು ಅವತ್ತು ಅವಳ ಸರದಿಯಲ್ಲ. ಅವಳು ಅವನೆದುರು ಕುರ್ಚಿ ಎಳೆದುಕೊಂಡು ಕೂತಳು, ಹಡಗಿನವರಿಗೆ ರೇಡಿಯೋದಲ್ಲಿ ಹೇಳುವಷ್ಟೇ ನೇರವಾಗಿ ಹೇಳಿದಳು:

"ನೆಲ್ಸನ್‌ಗೆ ಹೋಗ್ಬೇಡ. ನಂಗೆ ನೀನಂದ್ರೆ ಇಷ್ಟ. ಸುತ್ತಿ ಬಳಸಿ ಹೇಳೋಕೆ ನಂಗ್ ಬರಲ್ಲ."

"ಮೂರು ವಾರ ತಿರುಪು ತಿರುಗಿಸಿದ್ದು ಏನು ಮತ್ತೆ?"

"ಅದಕ್ಕೇ ಹೇಳಿದ್ದು, ಬರಲ್ಲ ಅಂತ."

ಮರ್ಡೊ ನಕ್ಕ. ಆಮೇಲೆ ನಗು ನಿಲ್ಲಿಸಿ, ಮೇಜಿನ ಮೇಲಿದ್ದ ಅವಳ ಕೈಯ ಮೇಲೆ ತನ್ನ ಕೈ ಇಟ್ಟ. ಇನ್ನೊಂದು ಕೈಯಿಂದ ಫೋನ್ ತೆಗೆದ.

"ಐಲ್ಸಾ, ನಾನು. ನಾನ್ ಬರ್ತಿಲ್ಲ. ಇಲ್ಲ, ಆರೋಗ್ಯ ಚೆನ್ನಾಗಿದೆ. ಹೂಂ, ಅದೇ. ಹೌದು. ಹಡಗು ಎಳೀತಾಳೆ." ತುಸು ಹೊತ್ತು ಕೇಳಿಸಿಕೊಂಡು ಅವನು ಫೋನಿಗೆ ಅಂಗೈ ಅಡ್ಡ ಹಿಡಿದ. "ನನ್ನ ತಂಗಿ ಕೇಳ್ತಿದಾಳೆ, ಇಪ್ಪತ್ತು ವರ್ಷದಿಂದ ಯಾರ ಮಾತಿಗೂ ಜಗ್ಗದೋನನ್ನ ನಿನ್ ಕೈಲಿ ಎಳೆಯೋಕಾಗುತ್ತಾ ಅಂತ."

"ಎಳೆದಾಯ್ತು ಅಂತ ಹೇಳು," ಎಂದಳು ರೊವೀನಾ.